ನೀರಿನ ಕೊಡದ ಕೆಳಗಿನ ಏಡಿ

ಶಂಕರಲಿಂಗನ ಕೊಟ್ಟಿಗೆಯ ಗೋಡೆಯ ಮೇಲೆ ನಲವತ್ತೊಂದು ಗೆರೆಚಿತ್ರಗಳಿದ್ದವು. ಸುತ್ತಿಗೆ, ಇಕ್ಕಳ ಹೀಗೆ ಒಂದೊಂದು ಹತ್ಯಾರವನ್ನೂ ಗೋಡೆಗೆ ಒತ್ತಿ ಹಿಡಿದು, ಸುತ್ತ ನೀಲಿ ಬಣ್ಣದ ಗೆರೆ ಎಳೆದು, ಅಲ್ಲೇ ಮೊಳೆ ಹೊಡೆದು ತೂಗುಹಾಕಿದ್ದ. ಯಾವುದು ಇಲ್ಲ ಎಂಬುದು ಬಾಗಿಲಲ್ಲಿ ನಿಂತರೇ ಗೊತ್ತಾಗಬೇಕು. ಯುಗಾದಿಯಿಂದ ಈಚೆಗೆ ಒಂದು ಗೆರೆಯೊಳಗೆ ಬರೀ ಸುಣ್ಣ ಕಾಣುತ್ತಿತ್ತು. ಮೂರು ಕಾಲು, ನಡುವೆ ದಪ್ಪ ಮೂತಿ. ಅದು ಏಡಿಯ ಜಾಗ.

ಉಟಗಿಯಲ್ಲಿ ಅವನಿಗೊಂದು ಕಿರಾಣಿ ಅಂಗಡಿ ಇತ್ತು. ಅವನಿಗೆ ಇತ್ತು ಅನ್ನುವುದಕ್ಕಿಂತ ಅವನ ಹೆಂಡತಿ ನಂದಾಗೆ ಇತ್ತು ಅನ್ನುವುದು ಸರಿ. ಬೆಳಿಗ್ಗೆ ಶಟರ್ ಎತ್ತುವುದಷ್ಟೇ ಅವನ ಕೆಲಸ. ಆಮೇಲೆ ಹಿತ್ತಲಿನ ಕೊಟ್ಟಿಗೆ ಸೇರುತ್ತಿದ್ದ. ಎಮ್ಮೆ ಮಾರಿದ ಮೇಲೆ ಖಾಲಿಯಾದ ಆ ಕೊಟ್ಟಿಗೆಯಲ್ಲಿ ಅವನು ಹೊಲಿಗೆ ಯಂತ್ರದ ಗಾಲಿಯಿಂದ ಸಾಣೆ ಮಾಡಿದ್ದ, ಕೆಟ್ಟ ಫ್ಯಾನಿನಿಂದ ಕುಲುಮೆಯ ತಿದಿ ಮಾಡಿದ್ದ, ಸೈಕಲ್ ಚೈನಿನಿಂದ ಪೈಪು ತಿರುಗಿಸುವ ಹಿಡಿ ಮಾಡಿದ್ದ. ತೆಂಗಿನಕಾಯಿ ಸುಲಿಯುವ ಯಂತ್ರ ಮಾಡಿದಾಗ ಮಾತ್ರ ಊರು ನಕ್ಕಿತ್ತು. ಆ ಊರಿನಲ್ಲಿ ತೆಂಗಿನ ಮರಗಳಿರಲಿಲ್ಲ, ಅಂಗಡಿಗೆ ಬರುವ ಕಾಯಿ ಸುಲಿದೇ ಬರುತ್ತಿತ್ತು.

ಏಡಿ ಎಂದು ಹೆಸರಿಟ್ಟಿದ್ದ ಹತ್ಯಾರವನ್ನು ನೋಡಿ ಯಾರೂ ನಗಲಿಲ್ಲ. ಗಾಲಿ, ಬೇರಿಂಗು ಏನೇ ಕಚ್ಚಿಕೊಂಡು ಕೂತರೂ ಅದರ ಮೂರು ಕಾಲಿನ ಕೊಕ್ಕೆ ಹಿಂದಿನಿಂದ ಹಿಡಿಯುತ್ತಿತ್ತು. ನಡುವಿನ ತಿರುಪು ಮುಂದಿನಿಂದ ಒತ್ತುತ್ತಿತ್ತು. ಕಚ್ಚಿಕೊಂಡದ್ದು ಹಲ್ಲು ಕಿತ್ತ ಹಾಗೆ ಹೊರಗೆ ಬರುತ್ತಿತ್ತು. ಕಾಲುಗಳನ್ನು ಜೀಪಿನ ಅಡಿಯ ಸ್ಪ್ರಿಂಗಿನ ಪಾಟಾ ಪಟ್ಟಿ ಕಾಯಿಸಿ ಬಗ್ಗಿಸಿ ಮಾಡಿದ್ದ. ಅದಕ್ಕೆ ನಾಲ್ಕು ತಿಂಗಳು ಹಿಡಿದಿತ್ತು. ಬಸ್ ಸ್ಟ್ಯಾಂಡಿನ ಹತ್ತಿರ ವೆಲ್ಡಿಂಗ್ ಅಂಗಡಿ ಇಟ್ಟಿದ್ದ ಗೌಸ, ಯಾರನ್ನೂ ಹೊಗಳದವನು, ಅದನ್ನು ತಿರುಗಿಸಿ ತಿರುಗಿಸಿ ನೋಡಿ "ಇದು ನಿನ್ನ ಕೈಯಿಂದ ಆಗಿದ್ದಲ್ಲ ಬಿಡು" ಅಂದಿದ್ದ. ಶಂಕರಲಿಂಗ ಆ ಮಾತನ್ನು ಒಂದು ವಾರ ನೆನೆಸಿಕೊಂಡು ಸಂತೋಷಪಟ್ಟಿದ್ದ.

ಅದನ್ನು ಯುಗಾದಿಯ ಮರುದಿನ ಶ್ರೀಶೈಲಪ್ಪ ಒಯ್ದಿದ್ದರು. ಮೇವು ಕತ್ತರಿಸುವ ಯಂತ್ರದ ಗಾಲಿ ಸಿಕ್ಕಿಕೊಂಡಿತ್ತು.

"ತಾಸಿನ್ಯಾಗ ಕಳಸ್ತೀನಿ, ಅಳಿಯಾ."

ಶ್ರೀಶೈಲಪ್ಪ ನಂದಾಳ ಸೋದರಮಾವ. ಮದುವೆ ಕುದುರಿಸಿದವರೂ ಅವರೇ, ಅಕ್ಷತೆಯ ಹೊತ್ತಿನಲ್ಲಿ ವರನ ಪೇಟ ಜಾರಿದಾಗ ಕಟ್ಟಿದವರೂ ಅವರೇ. ಅಂಥವರ ಮನೆಗೆ ಹೋಗಿ "ನನ್ನ ಸಾಮಾನು ಕೊಡ್ರಿ" ಎಂದು ಕೇಳುವ ಬಾಯಿ ಆ ಸೀಮೆಯ ಯಾವ ಅಳಿಯನಿಗೂ ಇರಲಿಲ್ಲ. ಶಂಕರಲಿಂಗ ಆರು ತಿಂಗಳಲ್ಲಿ ಹನ್ನೊಂದು ಸಲ ಹೋಗಿ ಹನ್ನೊಂದು ಸಲ ಚಹಾ ಕುಡಿದು ಬಂದ. ಪ್ರತಿ ಸಲವೂ ಏಡಿ ಅವನ ಕಣ್ಣೆದುರೇ ಇತ್ತು. ಶ್ರೀಶೈಲಪ್ಪನ ಹೆಂಡತಿ ಸಿದ್ದಲಿಂಗವ್ವ ಅದನ್ನು ಅಂಗಾತ ಮಾಡಿ, ತಿರುಪನ್ನು ಒಂದು ಟೊಳ್ಳು ಸಿಮೆಂಟಿನ ಇಟ್ಟಿಗೆಯಲ್ಲಿ ಇಳಿಸಿ, ಮೇಲೆದ್ದ ಮೂರು ಕಾಲಿನ ನಡುವೆ ಕುಡಿಯುವ ನೀರಿನ ತಾಮ್ರದ ಕೊಡ ಕೂಡ್ರಿಸಿದ್ದಳು.

"ಭಾಳ ಚಲೋ ಸ್ಟ್ಯಾಂಡ ಮಾಡೀರಿ ಅಳಿಯಾ. ಎಳ್ಳಷ್ಟೂ ಅಲುಗ್ಯಾಡಂಗಿಲ್ಲ."

"ಹೂಂರಿ ಅತ್ತಿ" ಎಂದು ಶಂಕರಲಿಂಗ ಕೆಮ್ಮಿದ.

ಅದು ಅವನ ಒಂದು ಗುಣ. ಸುಳ್ಳು ಹೇಳುವ ಮುಂಚೆ ಅಥವಾ ಹೇಳಿದ ಮೇಲೆ ಗಂಟಲಲ್ಲಿ ಎರಡು ಸಲ ಖೊಂ ಖೊಂ ಅನ್ನುತ್ತಿತ್ತು. "ನಿಮ್ಮ ಹೊಟ್ಯಾಗ ಸುಳ್ಳಿದ್ರ ಗಂಟಲಾಗ ಗಂಟಿ ಬಾರಸ್ತೈತಿ" ಎಂದು ನಂದಾ ಹೇಳುತ್ತಿದ್ದಳು.

ಖಂಡೇನವಮಿಗೆ ಮೂರು ದಿನ ಉಳಿದಾಗ ಅವನಿಗೆ ನಿದ್ದೆ ಹತ್ತದಾಯಿತು. ಆ ದಿನ ಕೊಡಲಿಯಿಂದ ಟ್ರ್ಯಾಕ್ಟರಿನ ತನಕ ಎಲ್ಲ ಕಬ್ಬಿಣಕ್ಕೂ ವಿಭೂತಿ ಬಳಿದು ಪೂಜೆ ಮಾಡುತ್ತಾರೆ. ಹತ್ಯಾರ ತನ್ನ ಮನೆಯಲ್ಲೇ ವಿಭೂತಿ ಹಚ್ಚಿಸಿಕೊಳ್ಳಬೇಕು ಎಂಬುದು ಹಿಂದಿನ ಮಾತು. ನಲವತ್ತು ಹತ್ಯಾರ ಪೂಜೆಗೆ ಕೂತಾಗ ಏಡಿ ಯಾರದೋ ಮನೆಯಲ್ಲಿ ಕೊಡ ಹೊತ್ತು ಕೂತಿರುತ್ತದೆ. ಅಷ್ಟೇ ಆದರೆ ತಡೆದುಕೊಳ್ಳಬಹುದಿತ್ತು. ಶ್ರೀಶೈಲಪ್ಪ ಅದಕ್ಕೂ ಮೂರು ಬೆರಳಿನ ವಿಭೂತಿ ಎಳೆದರೆಂದರೆ ಅದು ಅವರ ಮನೆಯದೇ ಆದ ಹಾಗೆ. ಆಮೇಲೆ ಹನ್ನೊಂದಲ್ಲ, ನೂರಾ ಹನ್ನೊಂದು ಕಪ್ ಚಹಾ ಕುಡಿದರೂ ಬರುವುದಿಲ್ಲ.

ಕೇಳಬಾರದು, ಆದರೆ ತರಿಸಬೇಕು. ಶಂಕರಲಿಂಗ ಮೂರಿಂಚಿನ ಪ್ಲಾಸ್ಟಿಕ್ ಪೈಪಿನ ಮೊಳದುದ್ದದ ತುಂಡು ತೆಗೆದುಕೊಂಡು ಅದರ ಒಂದು ಬಾಯಿಗೆ ಹಾಲಿನ ಪಾಕೀಟಿನ ಹಾಳೆ ಬಿಗಿದು ಕಟ್ಟಿದ. ಇನ್ನೊಂದು ಬಾಯಿಯಿಂದ ಮಾತಾಡಿದರೆ ಎಂಬತ್ತು ವರ್ಷದ, ಹಲ್ಲಿಲ್ಲದ, ಎಲ್ಲ ತಿಳಿದ ಮುದುಕನೊಬ್ಬ ಬಾವಿಯೊಳಗಿನಿಂದ ಹೇಳಿದ ಹಾಗೆ ಕೇಳುತ್ತಿತ್ತು. ಗೌಸನನ್ನು ಕೊಟ್ಟಿಗೆಗೆ ಕರೆದು, ಅವನ ಫೋನು ಹಿಡಿಸಿ, ಪೈಪಿನೊಳಗೆ ಹೇಳಿದ:

"ಉಟಗಿ ಮಂದಿ ಕೇಳ್ರಿ. ನಾನು ಬಿಳೂರ ಕಡೀ ಹಿರ್ಯಾ. ಖಂಡೇಪೂಜೀಕ ಮದಲ ಮಂದಿ ಹತ್ಯಾರ ಮಂದೀಗಿ ಮುಟ್ಟಸ್ರಿ. ಒಮ್ಮಿ ವಿಭೂತಿ ಬಿತ್ತು ಅಂದ್ರ ಆ ಹತ್ಯಾರ ಮುಂದಿನ ಖಂಡೇನವಮಿ ತನಾ ಆ ಹೊಚ್ಚಲ ದಾಟಬಾರದು. ದಾಟಿಸಿದವರ ಮೋಟಾರ ವೈಂಡಿಂಗ ಸುಡ್ತಾವ."

ಗೌಸ ಫೋನು ಕೆಳಗಿಳಿಸಿದ. "ಮದಲಿನ ಮಾತ ತಿಳೀತು. ಬಾಗಿಲ ಹೊಚ್ಚಲ ದಾಟಬಾರದು ಅಂತ ಯಾಕ ಸೇರಿಸ್ದಿ?"

"ಏಡಿ ಮನೀಗಿ ಬಂದ ಮ್ಯಾಲ ಮತ್ತ್ಯಾವ ಮಾವನೂ ವರ್ಷತನಾ ಕೇಳಬಾರದು ನೋಡು, ಅದಕ್ಕ."

"ಮಗನ, ನೀ ಕಿರಾಣಿ ಅಂಗಡ್ಯಾಗ ಕುಂದ್ರೂದು ಬಿಟ್ಟು ತಪ್ಪ ಮಾಡೀದಿ. ಎಲೆಕ್ಷನ್‌ಕ ನಿಂದ್ರಬೇಕಿತ್ತು."

ಗೌಸ ಅದನ್ನು ಬಿಳೂರಿನ ತನ್ನ ಷಡ್ಡಕನಿಗೆ ಕಳಿಸಿದ. ಷಡ್ಡಕ ತನ್ನೂರಿನ ವಾಟ್ಸಾಪ್ ಗುಂಪಿಗೆ ಹಾಕಿದ. ಅಲ್ಲಿಂದ ಅದು ಸನಮಡಿಗೆ ಹೋಗಿ, ಕುರಿ ವ್ಯಾಪಾರದ ಗುಂಪಿನಲ್ಲಿ ಸುತ್ತಾಡಿ, ಸಂಜೆಯೊಳಗೆ ಉಟಗಿಯ ಗುಂಪಿಗೆ ಬಂದಿಳಿಯಿತು. ಪಾಪ ಪುಣ್ಯದ ಮಾತಾಗಿದ್ದರೆ ಜನ ಕೈಮುಗಿದ ಚಿತ್ರ ಒತ್ತಿ ಸುಮ್ಮನಾಗುತ್ತಿದ್ದರು. ವೈಂಡಿಂಗಿನ ಮಾತಾದ್ದರಿಂದ ಎದ್ದು ಕೂತರು. ದೇವರನ್ನು ನಂಬದವನ ಬೋರಿನಲ್ಲೂ ಮೋಟಾರು ಇರುತ್ತದೆ.

ಮರುದಿನ ಬೆಳಿಗ್ಗೆ ಶಂಕರಲಿಂಗ ಮುಖ ತೊಳೆದು, ಕ್ರಾಪು ಬಾಚಿ, ಏಡಿಯ ದಾರಿ ನೋಡುತ್ತ ಬಾಗಿಲಲ್ಲಿ ಕೂತ. ಮೊದಲು ಬಂದವನು ಕುರಿ ಕಾಯುವ ಶಿದ್ರಾಯ. ಅವನ ಕೈ ಖಾಲಿ ಇತ್ತು.

"ಅಣ್ಣಾ, ನನ್ನ ಉಣ್ಣಿ ಕತ್ತರಿ ಒಯ್ದಿದ್ರಿ. ಹೋದ ಶಿವರಾತ್ರಿಗಿ."

ಶಂಕರಲಿಂಗನಿಗೆ ಮರೆತೇ ಹೋಗಿತ್ತು. ಉಣ್ಣೆ ಕತ್ತರಿಸುವ ಕತ್ತರಿಯ ಒಂದು ಅಲಗು ಈಗ ತಗಡು ಕೊಯ್ಯುವ ಕತ್ತರಿಯಾಗಿತ್ತು, ಇನ್ನೊಂದು ಅಲಗು ನಂದಾಳ ಈಳಿಗೆಯಾಗಿತ್ತು. ಎರಡನ್ನೂ ಬಿಚ್ಚಿ, ಮತ್ತೆ ಜೋಡಿಸಿ ಕೊಡಲು ಮುಕ್ಕಾಲು ತಾಸು ಹಿಡಿಯಿತು. ಅಷ್ಟರಲ್ಲಿ ಬಾಗಿಲಲ್ಲಿ ನಾಲ್ವರು ನಿಂತಿದ್ದರು. ಮಲಕವ್ವನಿಗೆ ತನ್ನ ಹಿತ್ತಾಳೆಯ ಕುಟ್ಟಾಣಿ ಬೇಕಿತ್ತು. ಅದರಲ್ಲಿ ಅವನು ಗ್ರೀಸು ಕಲಸುತ್ತಿದ್ದ. ಇಂದುಬಾಯಿಗೆ ತಕ್ಕಡಿಯ ದಾಂಡಿ. ಕೊನೆಗೆ ಗೌಸ ಬಂದ, ಹಿಂದೆ ಅವನ ತಾಯಿ ಹಜರಾಬಿ.

"ನೀ ಯಾಕ ಬಂದಿಯೋ? ಅದು ಸುಳ್ಳು ಅಂತ ನಿನಗ ಗೊತ್ತೈತಲ್ಲ" ಎಂದು ಶಂಕರಲಿಂಗ ಅವನ ಕಿವಿಯಲ್ಲಿ ಹೇಳಿದ.

"ನನಗ ಗೊತ್ತೈತಿ. ಅಮ್ಮಾಗ ಗೊತ್ತಿಲ್ಲ."

ಹಜರಾಬಿ ಸೀದಾ ಒಳಗೆ ಹೋಗಿ ಸಾಣೆಯ ಮುಂದೆ ನಿಂತಳು. "ಇದು ನನ್ನ ಹೊಲಿಗಿ ಮಷಿನ್ ಗಾಲಿ. ಎಣ್ಣಿ ಹಾಕಿ ಕೊಡ್ತೀನಿ ಅಂತ ಒಯ್ದಿ. ಎಣ್ಣಿ ಹಾಕಾಕ ಎರಡ ವರ್ಷ ಬೇಕೇನೋ, ಖಬರಗೇಡಿ?"

ಮಧ್ಯಾಹ್ನದ ಹೊತ್ತಿಗೆ ಗೋಡೆಯ ಮೇಲೆ ಇನ್ನೂ ಇಪ್ಪತ್ತಾರು ಗೆರೆಗಳು ಖಾಲಿಯಾಗಿದ್ದವು. ನಂದಾ ಅಂಗಡಿಯಿಂದ ಬಂದು ಬಾಗಿಲಿಗೆ ಒರಗಿ ನೋಡಿದಳು.

"ಎಲ್ಲಾ ನಾನ ಮಾಡೀನಿ ಅಂತಿದ್ರಿ. ಊರ ಕೂಡಿ ಮಾಡಿದಂಗ ಕಾಣ್ತೈತಿ."

"ಜೋಡಿಸಿದ್ದು ನಾನು."

"ಹಂಗಾದ್ರ ನನ್ನ ಇಡ್ಲಿ ಪಾತ್ರಿ ತಗೀರಿ. ಮೋಟಾರ ನಮ್ಮ ಮನ್ಯಾಗೂ ಐತಿ."

ಇಡ್ಲಿ ಪಾತ್ರೆ ಬಣ್ಣ ಕಲಸುವ ಪಾತ್ರೆಯಾಗಿತ್ತು. ಒಂದೊಂದು ಕುಳಿಯಲ್ಲಿ ಒಂದೊಂದು ಬಣ್ಣ. ನಂದಾ ಅದನ್ನು ನೋಡಿ, ಗಂಡನನ್ನು ನೋಡಿ, ಪಾತ್ರೆ ಅಲ್ಲೇ ಬಿಟ್ಟು ಹೋದಳು.

ಶ್ರೀಶೈಲಪ್ಪ ಬಂದದ್ದು ಊಟವಾದ ಮೇಲೆ. ಬಿಳಿ ಧೋತರ, ಬಿಳಿ ಟೊಪ್ಪಿಗೆ, ಕೈಯಲ್ಲಿ ಕೊಡೆ. ಏಡಿ ಇಲ್ಲ. ಶಂಕರಲಿಂಗ ಎದ್ದು ಕುರ್ಚಿ ಸರಿಸಿದ.

"ಬರ್ರಿ ಮಾವಾ, ಕುಂದ್ರಿ."

"ಕುಂದ್ರೂದಿಲ್ಲಪಾ. ಅಲ್ಲಾ, ಎರಡ ವರ್ಷದ ಹಿಂದ ನೀವು ನನ್ನ ಹಳೀ ಜೀಪಿನ ಜ್ಯಾಕ ಒಯ್ದಿದ್ರೆಲ್ಲ. ಬಿಳೂರ ಹಿರ್ಯಾರು ಹಿಂಗ ಹೇಳ್ಯಾರಂತ. ಇಲ್ಲಂದ್ರ ನಾ ಕೇಳಾಂವ ಅಲ್ಲ."

ಶಂಕರಲಿಂಗ ಮೇಲೆ ನೋಡಿದ, ಕೆಳಗೆ ನೋಡಿದ. ಏಡಿಯ ನಡುವಿನ ಆ ದಪ್ಪ ತಿರುಪನ್ನು ಎಲ್ಲಿಂದ ತಂದೆ ಎಂಬುದು ಆರು ತಿಂಗಳಲ್ಲಿ ಒಂದು ಸಲವೂ ಅವನಿಗೆ ನೆನಪಾಗಿರಲಿಲ್ಲ. ಈ ಸಲ ಕೆಮ್ಮು ಬರಲಿಲ್ಲ, ಯಾಕೆಂದರೆ ನಿಜವನ್ನೇ ಹೇಳಿದ.

"ಮಾವಾ, ನಿಮ್ಮ ಜ್ಯಾಕ್ ನಿಮ್ಮ ಮನ್ಯಾಗ ಐತ್ರಿ."

"ನಮ್ಮ ಮನ್ಯಾಗ? ಎಲ್ಲಿ?"

"ನೀರಿನ ಕೊಡದ ಕೆಳಗ."

ಶ್ರೀಶೈಲಪ್ಪನಿಗೆ ತಿಳಿಯಲು ಸ್ವಲ್ಪ ಹೊತ್ತು ಹಿಡಿಯಿತು. ತಿಳಿದ ಮೇಲೆ ಮೀಸೆಯ ಕೆಳಗೆ ನಗು ಮೂಡಿತು.

"ಅಂದ್ರ ಏಡಿ ನಡಬರಕಿನ ತಿರಪು ನಂದು."

"ಕಾಲು ನಂದ್ರಿ ಮಾವಾ."

"ಕಾಲು ನಿಮ್ಮದ, ಇಲ್ಲಂದವರ್ಯಾರು? ಆದ್ರ ಜೀವ ನಡಬರಕ ಇರ್ತೈತಿ ನೋಡ್ರಿ." ಅವರು ಕೊಡೆ ಬಗಲಲ್ಲಿ ಹಿಡಿದರು. "ಚಲೋ ಆತು. ನಾ ಕೊಡೂದು ಏನೂ ಉಳೀಲಿಲ್ಲ, ನೀವು ಕೊಡೂದೂ ಉಳೀಲಿಲ್ಲ. ನಾಡದು ನಾನ ಪೂಜಿ ಮಾಡಿಬಿಡ್ತೀನಿ."

ಅವರು ಹೋದ ಮೇಲೆ ಶಂಕರಲಿಂಗ ಆ ಪ್ಲಾಸ್ಟಿಕ್ ಪೈಪನ್ನು ಒದ್ದ. ಅದು ಹೋಗಿ ಇಡ್ಲಿ ಪಾತ್ರೆಗೆ ಬಡಿಯಿತು.

ಆದರೆ ಬಿಳೂರಿನ ಹಿರಿಯನ ಮಾತು ಇನ್ನೊಂದು ಕಡೆಯೂ ಕೆಲಸ ಮಾಡಿತ್ತು. ಹಿಟ್ಟಿನ ಗಿರಣಿಯ ವಿಠೋಬ ಒಂದು ವರ್ಷದಿಂದ ಬಸಗೊಂಡನ ಟ್ರ್ಯಾಕ್ಟರಿನ ಗ್ರೀಸ್ ಗನ್ನು ಇಟ್ಟುಕೊಂಡಿದ್ದ. ಬಸಗೊಂಡ ಬಂದು ಅದನ್ನು ಒಯ್ದ. ಹಬ್ಬದ ಹಿಟ್ಟಿಗೆ ಹೆಂಗಸರ ಸಾಲು ಬೀದಿಯ ತನಕ ಬೆಳೆದಿತ್ತು. ಗ್ರೀಸಿಲ್ಲದ ಗಿರಣಿ ಅಷ್ಟಮಿಯ ದಿನ ಮಧ್ಯಾಹ್ನದವರೆಗೆ ಓಡಿ, ಹಂದಿಯ ಹಾಗೆ ಚೀರಿ, ಹೊಗೆ ಬಿಟ್ಟು ನಿಂತಿತು. ಬೇರಿಂಗು ಸುಟ್ಟು ಗಿರಣಿಯ ತಿರುಗುವ ದಂಡಕ್ಕೆ ಕಚ್ಚಿಕೊಂಡಿತ್ತು. ಸುತ್ತಿಗೆಗೆ ಬಗ್ಗಲಿಲ್ಲ. ಗೌಸ ಬಂದು ನೋಡಿ, "ಕೊಯ್ದರ ದಂಡ ಹೋಗ್ತೈತಿ. ಏಡಿ ಬೇಕು" ಅಂದ.

ವಿಠೋಬ ಶಂಕರಲಿಂಗನ ಮನೆಗೆ ಓಡಿದ. ಅಲ್ಲಿಂದ ಶ್ರೀಶೈಲಪ್ಪನ ಮನೆಗೆ ಓಡಿದ. ನಲವತ್ತು ಮನೆಯ ಹೋಳಿಗೆ ನಿಂತಿರುವಾಗ ಇಲ್ಲ ಎನ್ನಲು ಶ್ರೀಶೈಲಪ್ಪನಿಗೂ ಆಗಲಿಲ್ಲ. ಆದರೆ ಏಡಿಯನ್ನು ವಿಠೋಬನ ಕೈಗೆ ಕೊಡದೆ, ತೊಟ್ಟಿಕ್ಕುವ ನೀರು ಒರೆಸಿ, ತಾವೇ ಮಗುವಿನ ಹಾಗೆ ಎತ್ತಿಕೊಂಡು ಬಂದರು. ಹಿಂದೆ ಸಿದ್ದಲಿಂಗವ್ವ, "ನನ್ನ ಸ್ಟ್ಯಾಂಡ ಸಂಜೀಕ ವಾಪಸ್ ಬರಬೇಕು" ಎಂದು ಕೂಗುತ್ತಿದ್ದಳು.

ಶಂಕರಲಿಂಗ ಅಂಗಿಯ ತೋಳು ಮಡಚಿ ಕೂತ. ಮೂರು ಕೊಕ್ಕೆ ಬೇರಿಂಗಿನ ಹಿಂದೆ ಸೇರಿಸಿದ, ತಿರುಪಿನ ತಲೆಗೆ ಸಬ್ಬಲು ತೂರಿಸಿದ, ಗೌಸನೂ ತಾನೂ ಒಟ್ಟಿಗೆ ಎಳೆದರು. ಅರ್ಧ ಸುತ್ತು. ಇನ್ನರ್ಧ. ಏಡಿ ಮುಲುಗಿತು. ಶಂಕರಲಿಂಗನಿಗೆ ಒಂದು ಗಳಿಗೆ, ಇದು ಮುರಿದರೆ ಇಬ್ಬರಿಗೂ ಇಲ್ಲ ಎಂಬ ಕೆಟ್ಟ ಸಮಾಧಾನವೂ ಆಯಿತು. ಆಮೇಲೆ ಠಣ್ ಎಂದು ಬೇರಿಂಗು ಕಿತ್ತು ಬಂತು. ಹೆಂಗಸರು ಹೋ ಎಂದರು. ಮಲಕವ್ವ, "ಯಾರದವ್ವಾ ಇದು ಹತ್ಯಾರ, ಬಂಗಾರದಂಥಾದ್ದು!" ಅಂದಳು.

ಇಡೀ ಊರು ಕೇಳಿಸಿಕೊಳ್ಳಲು ತಯಾರಾಗಿ ನಿಂತಿತ್ತು. ನನ್ನದು ಎಂದು ಹೇಳಲು ಶಂಕರಲಿಂಗ ಬಾಯಿ ತೆರೆದ. ಎದುರಿಗೆ ಮಾವ ನಿಂತಿದ್ದರು. ನಲವತ್ತು ಹೆಂಗಸರ ನಡುವೆ ಅಳಿಯನಾದವನು ಮಾವನ ಕೈಯಲ್ಲಿ ಬಂದ ವಸ್ತುವನ್ನು ನನ್ನದು ಎನ್ನುವುದುಂಟೆ? ನಾನು ‘ನಿಮ್ಮದು’ ಅನ್ನಬೇಕು, ಅವರು ‘ಅಲ್ಲ, ನಿಮ್ಮದೇ’ ಅನ್ನಬೇಕು. ಆಮೇಲೆ ನಾನು ಬೇಡ ಬೇಡ ಎನ್ನುತ್ತ ಮನೆಗೆ ಒಯ್ಯಬೇಕು. ಅದು ರೀತಿ.

"ಮಾವಾರದ್ರಿ" ಎಂದ. "ಮಾವಂದರ ಕೃಪಾ." ಖೊಂ ಖೊಂ.

ಶ್ರೀಶೈಲಪ್ಪನೂ ಅದೇ ರೀತಿಯಲ್ಲಿ ಬೆಳೆದವರು. "ಏ ಅಲ್ಲಲ್ಲ! ಅಳಿಯಂದಿರದು. ನಂದೇನೈತಿ ಅದರಾಗ?"

"ಛೇ ಛೇ, ನಿಮ್ಮದ್ರಿ ಮಾವಾ. ನಂದಲ್ಲ."

"ನಂದಂತೂ ಅಲ್ಲಪಾ. ಆಣಿ ಮಾಡಿ ಹೇಳ್ತೀನಿ."

"ನಿಮ್ಮ ಹತ್ಯಾರ ಮುಟ್ಟೂದ ನನ್ನ ಪುಣ್ಯ."

ಹೀಗೆ ಐದಾರು ಸಲ ಆಯಿತು. ಇಬ್ಬರೂ ಸೋಲಲು ತಯಾರಿರಲಿಲ್ಲ. ಗೌಸ ಮುಖ ತಿರುಗಿಸಿ ಹೆಗಲು ಕುಣಿಸುತ್ತಿದ್ದ. ಅಷ್ಟರಲ್ಲಿ ತಾಲೂಕಿನ ಊರು ಜತ್ತದಿಂದ ತರಿಸಿದ ಹೊಸ ಬೇರಿಂಗು ಹೊತ್ತ ಜೀಪು ಬಂದು ಮಾತು ನಿಂತಿತು. ಬೇರಿಂಗು ಕೂತಿತು, ಬಸಗೊಂಡ ಗ್ರೀಸ್ ಗನ್ನನ್ನು ತನ್ನ ಕೈಯಲ್ಲೇ ಹಿಡಿದು ಗ್ರೀಸು ಹೊಡೆದ, ಗಿರಣಿ ಗುರ್ ಎಂದಿತು. ಅಳಿಯ ಮಾವ ಇಬ್ಬರೂ ಬೀದಿ ನಳಕ್ಕೆ ಕೈ ತೊಳೆಯಲು ಹೋದರು. ಒಬ್ಬನನ್ನು ಬಿಟ್ಟು ಒಬ್ಬ ಮೊದಲು ಏಡಿಯ ಹತ್ತಿರ ಹೋಗಬಾರದೆಂದು ಇಬ್ಬರೂ ಒಂದೇ ಸಾಬೂನಿನಲ್ಲಿ ಗಡಿಬಿಡಿಯಿಂದ ತೊಳೆದರು.

ತಿರುಗಿ ಬಂದಾಗ ಏಡಿ ಗಿರಣಿಯ ಮಗ್ಗುಲಲ್ಲಿ ಮಣೆಯ ಮೇಲೆ ಕೂತಿತ್ತು. ಮೂರು ಕಾಲಿಗೂ ಮೂರು ಮೂರು ಬೆರಳಿನ ವಿಭೂತಿ. ತಿರುಪಿನ ತಲೆಗೆ ಚೆಂಡುಹೂ. ಮುಂದೆ ಊದಿನಕಡ್ಡಿ.

"ವಿಠೋಬಾ, ಏನಿದು?" ಶ್ರೀಶೈಲಪ್ಪನ ದನಿ ಏರಿತು.

"ಅಷ್ಟಮಿ ಸಂಜೀಕ ಹತ್ಯಾರ ಕೂಡ್ರಸೂದು ನಮ್ಮ ಮನಿ ರೀತಿರಿ, ಯಜಮಾನ್ರ."

"ಅದು ನಿನ್ನದಲ್ಲೋ!" ಶಂಕರಲಿಂಗ ಹೇಳಿದ.

"ನಂದಲ್ಲರಿ, ಖರೆ. ನಿಮ್ಮದೂ ಅಲ್ಲಂತ ನೀವ ಹೇಳಿದ್ರಿ. ಅವರದೂ ಅಲ್ಲಂತ ಅವರು ಆಣಿ ಮಾಡಿದ್ರು. ಈಟ ಮಂದಿ ಕೇಳ್ಯಾರ." ವಿಠೋಬ ಹಿಟ್ಟಿನ ಕೈ ಒರೆಸಿ, ಜೇಬಿನಿಂದ ಫೋನು ತೆಗೆದ. "ಈಗ ಕೊಟ್ಟೇನಂದ್ರೂ ಕೊಡಾಕ ಬರೂದಿಲ್ಲ. ಕೇಳ್ರಿ ಹಿರ್ಯಾರು ಏನಂತಾರ."

ಗಿರಣಿಯ ಸದ್ದನ್ನೂ ಮೀರಿ ಬಾವಿಯೊಳಗಿನ ಮುದುಕ ಮಾತಾಡಿದ: ಒಮ್ಮಿ ವಿಭೂತಿ ಬಿತ್ತು ಅಂದ್ರ ಆ ಹತ್ಯಾರ ಮುಂದಿನ ಖಂಡೇನವಮಿ ತನಾ ಆ ಹೊಚ್ಚಲ ದಾಟಬಾರದು. ಖೊಂ ಖೊಂ. ದಾಟಿಸಿದವರ ಮೋಟಾರ...

ಹಿಟ್ಟಿನ ಸಾಲಿನಲ್ಲಿ ನಿಂತ ಹೆಂಗಸರು ಹೌದೆಂದು ತಲೆಯಾಡಿಸಿದರು. ಗಿರಣಿಯ ಮೋಟಾರು ಸುಟ್ಟರೆ ಹಬ್ಬದ ಗತಿಯೇನು? ಶ್ರೀಶೈಲಪ್ಪ ಬೋರಿನ ಮೋಟಾರು ನೆನೆಸಿಕೊಂಡು ಒಂದು ಹೆಜ್ಜೆ ಹಿಂದೆ ಸರಿದರು. ಅದು ಸುಳ್ಳು ಎಂದು ಆ ಜಾಗದಲ್ಲಿ ಖಚಿತವಾಗಿ ಗೊತ್ತಿದ್ದವರು ಇಬ್ಬರೇ. ಒಬ್ಬ ಹೇಳುವ ಹಾಗಿರಲಿಲ್ಲ, ಇನ್ನೊಬ್ಬ ನಗು ತಡೆಯಲಾರದೆ ಬೀದಿಗೆ ಓಡಿದ್ದ.

ವಿಠೋಬ ಶಂಕರಲಿಂಗನನ್ನು ಪಕ್ಕಕ್ಕೆ ಕರೆದು ಮೆಲ್ಲಗೆ ಹೇಳಿದ, "ಬಿಳೂರ ಹಿರ್ಯಾರಿಗೂ ನಿಮ್ಮಂಗ ಕೆಮ್ಮು ಐತಿ ನೋಡ್ರಿ. ಔಷಧಿ ತಗೋರಂತ ಹೇಳ್ರಿ. ನಿಮ್ಮ ಏಡಿ ಎಲ್ಲೂ ಹೋಗೂದಿಲ್ಲ, ದಿನಾ ಬಂದು ನೋಡ್ಕೊಂಡ ಹೋಗ್ರಿ. ಚಹಾ ಕೊಡ್ತೀನಿ."

ಮರುದಿನ ಖಂಡೇನವಮಿ. ಕೊಟ್ಟಿಗೆಯಲ್ಲಿ ಉಳಿದ ಹದಿನಾಲ್ಕು ಹತ್ಯಾರಗಳನ್ನು ನಂದಾ ಮಣೆಯ ಮೇಲೆ ಸಾಲಾಗಿ ಇಟ್ಟಳು. ಕೊನೆಯಲ್ಲಿ ಆ ಪ್ಲಾಸ್ಟಿಕ್ ಪೈಪನ್ನೂ ಇಟ್ಟು ಅದಕ್ಕೆ ಎಲ್ಲಕ್ಕಿಂತ ದಪ್ಪನೆಯ ವಿಭೂತಿ ಎಳೆದಳು.

"ಅದನ್ಯಾಕ?"

"ನೀವು ಒಬ್ಬರ ಮಾಡಿದ ಹತ್ಯಾರ ಇದೊಂದ. ವರ್ಷತನಾ ಹೊಚ್ಚಲ ದಾಟಬಾರದು."

ಶಂಕರಲಿಂಗ ಪೈಪಿಗೆ ಕೈಮುಗಿದ.

ಹೊರಗೆ ಜಗಳದ ಸದ್ದು ಕೇಳಿತು. ಸಿದ್ದಲಿಂಗವ್ವ ಸೊಂಟದ ಮೇಲೆ ತಾಮ್ರದ ಕೊಡ ಹೊತ್ತು ಬರುತ್ತಿದ್ದಳು, ಹಿಂದೆ ತಲೆ ತಗ್ಗಿಸಿಕೊಂಡು ಶ್ರೀಶೈಲಪ್ಪ.

"ಅಳಿಯಾ, ಈ ಮನಷ್ಯಾ ನನ್ನ ಸ್ಟ್ಯಾಂಡ ಗಿರಣ್ಯಾಗ ಬಿಟ್ಟು ಬಂದಾನ. ಕೊಡ ನೆಲದ ಮ್ಯಾಲ ಕುಂತೈತಿ, ಬೆಕ್ಕು ಬಾಯಿ ಹಾಕ್ತೈತಿ. ಹಂಗಿಂದ ಇನ್ನೊಂದ ಮಾಡಿ ಕೊಡ್ರಿ. ಬ್ಯಾರೇದು ಬ್ಯಾಡ, ಅದ ನಮೂನೀದು ಬೇಕು."

ಶಂಕರಲಿಂಗ ಕೊಡವನ್ನು ಇಳಿಸಿಕೊಂಡು ಅದರ ತಳ ಅಳೆದ. ಕೊಡಕ್ಕಾದರೆ ಮೂರು ಸರಳು ಬಗ್ಗಿಸಿ ಬೆಸೆದರೆ ಸಾಕು, ಗೌಸನ ಅರ್ಧ ತಾಸಿನ ಕೆಲಸ. ಗೋಡೆಯ ಮೇಲಿನ ಮೂರು ಕಾಲಿನ ಖಾಲಿ ಗೆರೆಯ ಕಡೆಗೆ ಒಮ್ಮೆ ನೋಡಿದ. ಆಮೇಲೆ ಬಹಳ ಗಂಭೀರವಾಗಿ ಶ್ರೀಶೈಲಪ್ಪನ ಕಡೆ ತಿರುಗಿ ಎರಡು ಸಲ ಕೆಮ್ಮಿದ.

"ಮಾವಾ, ನಿಮ್ಮ ಮನ್ಯಾಗ ಇನ್ನೊಂದ ಜ್ಯಾಕ್ ಐತೇನ್ರಿ? ತಾಸಿನ್ಯಾಗ ಕಳಸ್ತೀನಿ."